ಹೆಸರು ಅಳಿಸಿಹೋದ ವಾಲ್ವ್‌ಗಳನ್ನು ನಾನು ಪತ್ತೆ ಹಚ್ಚಿದ್ದು ಹೀಗೆ

ನಂಬರ್ ಅಳಿಸಿದ ರೇಡಿಯೊ ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮುಂಚಿನ ಗಾಜಿನ ಟ್ಯೂಬ್) ಗುಜರಿಗೇ ಸರಿ ಅಂತ ಬೆಂಗಳೂರಿನ ಎಸ್‌ಪಿ ರಸ್ತೆಯ ಹಳೆಯ ಕೈಗಳೆಲ್ಲ ಹೇಳಿದ್ದರು. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಎರಡೂವರೆ ಸಾವಿರದ ಆಸುಪಾಸು ಕೊಟ್ಟು ತಂದ ಪೆಟ್ಟಿಗೆಯಲ್ಲಿ ನೂರರ ಮೇಲೆ ವಾಲ್ವ್ ಇದ್ದವು, ಮುಕ್ಕಾಲು ಪಾಲಿಗೆ ಹೆಸರೇ ಇಲ್ಲ. ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ಮಾಡಿದ ಮಾಲೂ ಅದರಲ್ಲಿತ್ತು. ಈಗ ನಾಲ್ಕೈದು ಬಿಟ್ಟು ಎಲ್ಲಕ್ಕೂ ಚೀಟಿ ಅಂಟಿಸಿದ್ದೇನೆ.

ಮೊದಲು ಎಲ್ಲರ ಹಾಗೆ ಗಾಜಿನ ಹಿಂದೆ ಬಿದ್ದೆ. ಫ್ರಿಜ್‌ನಲ್ಲಿಟ್ಟು ತೆಗೆದು ಬಾಯಿಂದ ಉಸಿರು ಬಿಟ್ಟರೆ ಅಳಿಸಿದ ಅಕ್ಷರ ಒಂದು ಕ್ಷಣ ಮೇಲೇಳುತ್ತದೆ, ನಿಜ. ಆದರೆ ಯಾರಾದರೂ ಹಿಂದೆ ಸ್ಪಿರಿಟ್ ಹಾಕಿ ಒರೆಸಿದ್ದರೆ ಮುಗಿಯಿತು, ಏನೂ ಸಿಗುವುದಿಲ್ಲ. ಯುವಿ ಟಾರ್ಚ್‌ಗೆ ಕೊಟ್ಟ ಆರುನೂರು ರೂಪಾಯಿ ಸುಮ್ನೆ ದಂಡ. ವಾಲ್ವ್ ಪರೀಕ್ಷಿಸುವ ಎಮಿಷನ್ ಟೆಸ್ಟರ್‌ಗೆ ಎಂಟೊಂಬತ್ತು ಸಾವಿರ ಸುರಿದೆ, ಅದು ಮೊದಲು ಕೇಳುವುದೇ ವಾಲ್ವ್ ನಂಬರು. ಫಿಲಿಪ್ಸ್ ಬಳಗದ ಮಾಲಾದರೆ ಗಾಜಿನ ಬುಡದಲ್ಲಿ ಬೂದು ಬಣ್ಣದ ಪುಟ್ಟ ಕೋಡ್ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ: ಚಿಕ್ಕ ಆರ್, ದೊಡ್ಡ ಎಕ್ಸ್ ಇದ್ದರೆ ಅದು ಇಎಲ್ 84 ನಂಬರಿನ ವಾಲ್ವ್. ಎರಡನೇ ಸಾಲು ಬಿ ಅಕ್ಷರದಿಂದ ಶುರುವಾದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು.

ಕೋಡೂ ಇಲ್ಲದವಕ್ಕೆ ನನ್ನ ದಾರಿ ಹೀಟರಿನದು, ಅಂದರೆ ವಾಲ್ವ್ ಒಳಗೆ ಕಾಯುವ ತಂತಿಯದು. ಮೀಟರನ್ನು ಓಮ್ಸ್‌ಗೆ ಇಟ್ಟು 4, 5ನೇ ಪಿನ್ ಅಳೆಯಿರಿ. ತಣ್ಣಗಿರುವ ಇಎಲ್ 84 ಒಂದು-ಒಂದೂವರೆ ಓಮ್ ತೋರಿಸುತ್ತದೆ, ಯುಎಲ್ 84 ಅರವತ್ತು-ಎಪ್ಪತ್ತರ ಹತ್ತಿರ. ಎಸಿ, ಡಿಸಿ ಎರಡರಲ್ಲೂ ನಡೆಯುವ ರೇಡಿಯೊ ಸೆಟ್ಟಿನ, ಯು ಅಕ್ಷರದಿಂದ ಶುರುವಾಗುವ ಸಾಲಿನ ವಾಲ್ವ್‌ಗಳೆಲ್ಲ ಇಷ್ಟರಲ್ಲೇ ಬೇರೆಯಾಗಿಬಿಟ್ಟವು. ಆಮೇಲೆ ಬೆಂಚ್ ಸಪ್ಲೈನಲ್ಲಿ ವೋಲ್ಟೇಜ್ ನಿಧಾನ ಏರಿಸಿ, 6.3 ವೋಲ್ಟ್‌ಗೆ ಕರೆಂಟ್ ಎಷ್ಟು ಅಂತ ಬರೆದುಕೊಳ್ಳಿ. 0.76 ಆಂಪಿಯರ್ ಬಂದರೆ ಇಎಲ್ 84, 0.45 ಬಂದರೆ ಇಎಬಿಸಿ 80, 0.2 ಬಂದರೆ ಇಎಫ್ 86 ಅಥವಾ ಇಎಫ್ 89 ಇರಬಹುದು.

ತಲೆ ತಿಂದದ್ದು 0.3 ಆಂಪಿಯರಿನ ಗುಂಪು. ಅದರಲ್ಲೂ ಇಎಫ್ 80, ಇಎಫ್ 85: ಅದೇ ಬೇಸ್, ಅದೇ ಪಿನ್, ಅದೇ ಹೀಟರ್. ಕೊನೆಗೆ ಆನೋಡ್, ಸ್ಕ್ರೀನ್ (ವಾಲ್ವ್ ಒಳಗಿನ ಪಾಸಿಟಿವ್ ತುದಿಗಳು) ಎರಡಕ್ಕೂ ನೂರು ವೋಲ್ಟ್ ಕೊಟ್ಟು, ಒಂಬತ್ತು ವೋಲ್ಟ್ ಬ್ಯಾಟರಿಗೆ ಪಾಟ್ (ತಿರುಗಿಸಿ ವೋಲ್ಟೇಜ್ ಹೊಂದಿಸುವ ಪೊಟೆನ್ಷಿಯೋಮೀಟರ್) ಹಾಕಿ, ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್ಡನ್ನು ಮೈನಸ್ಸಿಗೆ ಎಳೆಯುತ್ತಾ ಹೋದೆ. ಮೈನಸ್ ನಾಲ್ಕೈದು ದಾಟುವಷ್ಟರಲ್ಲಿ ಇಎಫ್ 80ರ ಕರೆಂಟ್ ನಿಂತೇ ಹೋಯಿತು. ಇಎಫ್ 85 ವೇರಿಯಬಲ್ ಮ್ಯೂ (ಕರೆಂಟ್ ಒಮ್ಮೆಗೇ ನಿಲ್ಲದೆ ನಿಧಾನ ಇಳಿಯುವ ಜಾತಿ) ಅಲ್ವಾ, ಮೈನಸ್ ಎಂಟಕ್ಕೆ ಹೋದರೂ ಮೀಟರ್ ಮುಳ್ಳು ಸ್ವಲ್ಪ ಮೇಲೇ ನಿಂತಿತ್ತು. ಅಂದು ರಾತ್ರಿ ಕೂತು ಆ ಇಡೀ ಗುಂಪನ್ನು ಬೇರೆ ಮಾಡಿದೆ. ಇದನ್ನು ಇಲ್ಲಿ ಇನ್ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ಇಸಿಸಿ 81, 82, 83 ಬೇರೆ ಮಾಡಲು ಇನ್ನೂ ಬೇಗದ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆರೇಳು ಇಸಿಸಿ 83 ಸಿಕ್ಕಿದವು, ಗಿಟಾರ್ ಆಂಪ್ ಮಾಡುವ ಹುಡುಗರು ತಲಾ ಎಂಟುನೂರರಂತೆ ಕೊಂಡರು, ಪೆಟ್ಟಿಗೆಯ ದುಡ್ಡು ಅಲ್ಲಿಗೇ ಬಂತು. ಇಎಫ್ 80ಗೆ ಮಾತ್ರ ಐವತ್ತೂ ಹುಟ್ಟುವುದಿಲ್ಲ. ಬೇಕಾದವರು ಕೇಳಿ, ಡಬ್ಬದ ತುಂಬ ಇವೆ.