ಸೈಕಲ್ ಸಾಮಾನು ಕೊಳ್ಳುವ ಮೊದಲು ಟಾಯರಿನ ಮಗ್ಗುಲು ಓದಿ

ಹೋದ ವರ್ಷ ಮಗಳ ಸೈಕಲ್ಲಿಗೆ ಒಂದು ಟಾಯರ್ ತಂದೆ. ಹಳೆಯದರ ಮೇಲೂ 26 ಅಂತ ಇತ್ತು, ಹೊಸದರ ಮೇಲೂ 26 ಅಂತ ಇತ್ತು. ಕಡಿಮೆ ರೇಟಿಗೆ ಸಿಕ್ಕಿತು ಅನ್ನೋ ಖುಷಿ ಬೇರೆ. ಮನೆಗೆ ಬಂದು ಒಂದು ತಾಸು ಗುದ್ದಾಡಿದರೂ ಅದು ರಿಮ್ಮಿನ ಮೇಲೆ ಹತ್ತಲಿಲ್ಲ. ಕೊನೆಗೆ ಎರಡೂ ಟಾಯರ್ ಹೆಗಲಿಗೆ ಹಾಕಿಕೊಂಡು ಓಣಿ ತುದಿಯ ಸೈಕಲ್ ಅಂಗಡಿಗೆ ಹೋದೆ. ಅಂಗಡಿ ಕಾಕಾ ಕನ್ನಡಕ ಏರಿಸಿ ಎರಡರ ಮಗ್ಗುಲನ್ನೂ ಓದಿದರು. "ಇದು ಗೀಟಿಂದು, ಇದು ಚುಕ್ಕಿದು. ಗೀಟಿಂದಕ್ಕ ಚುಕ್ಕಿದು ಕೂಡಂಗಿಲ್ರಿ" ಅಂದರು.

ಗೀಟಿಂದು ಅಂದರೆ ಅಳತೆಯಲ್ಲಿ ಓರೆ ಗೀಟು ಇರುವುದು, 26 x 1 3/8. ಚುಕ್ಕಿದು ಅಂದರೆ ಚುಕ್ಕಿ ಇರುವುದು, 26 x 1.95. ಎರಡರಲ್ಲೂ 26 ಇದ್ದರೂ ರಿಮ್ಮಿನ ಅಳತೆ ಬೇರೆ. ಮೊದಲನೆಯದು ಕೂರುವ ರಿಮ್ಮು 590 ಮಿಲಿಮೀಟರ್, ಎರಡನೆಯದು ಕೂರುವುದು 559. ಮೂರು ಸೆಂಟಿಮೀಟರ್ ಫರಕು. ನಾನು ದಿನವಿಡೀ ಗುದ್ದಾಡಿದ್ದರೂ ಅದು ಹತ್ತುತ್ತಿರಲಿಲ್ಲ. ಬಿಲ್ ಇಲ್ಲದ ಮಾಲು, ವಾಪಸ್ ಕೊಡುವ ಹಾಗೂ ಇರಲಿಲ್ಲ.

ನಮ್ಮ ವಿಜಯಪುರ ಸೈಕ್ಲಿಂಗ್ ಪಟುಗಳಿಗೆ ಹೆಸರಾದ ಊರು. ಬೆಳಗಿನ ಜಾವ ರಸ್ತೆಗಿಳಿದರೆ ಬಿಗಿ ಬಟ್ಟೆಯ ಹುಡುಗರು ಸರ್ರನೆ ಹಾದು ಹೋಗುತ್ತಾರೆ. ಆದರೆ ಈ ಲೇಖನ ಅವರಿಗಲ್ಲ. ಪೇಪರ್ ಹಾಕುವವರಿಗೆ, ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವರಿಗೆ, ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮಂದಿರಿಗೆ. ಸೈಕಲ್ ಒಂದು ದಿನ ನಿಂತರೆ ಕೆಲಸ ನಿಲ್ಲುವ ಮನೆಗಳಲ್ಲಿ ಒಂದಿಷ್ಟು ಸಾಮಾನು ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಸಾವಿರಗಟ್ಟಲೆ ಬೇಡ. ನಾನು ತಿಂಗಳಿಗೆ 200 ರೂಪಾಯಿಯಂತೆ ತೆಗೆದಿಟ್ಟೆ. ಆರು ತಿಂಗಳಲ್ಲಿ ಒಂದು ಹಳೆಯ ಬಿಸ್ಕತ್ ಡಬ್ಬಿ ತುಂಬಿತು.

ಮೊದಲು ಒಂದು ಹಾಳೆ, ಒಂದು ಪೆನ್ನು

ಅಂಗಡಿಗೆ ಹೋಗುವ ಮೊದಲು ಸೈಕಲ್ಲಿನ ಮುಂದೆ ಕೂತುಕೊಳ್ಳಿ. ಟಾಯರಿನ ಮಗ್ಗುಲಲ್ಲಿ ದೊಡ್ಡ ಅಕ್ಷರದ ಅಳತೆ ಇರುತ್ತದೆ. ಅದರ ಪಕ್ಕ ಸಣ್ಣದಾಗಿ 40-635, 37-590 ಹೀಗೆ ಇನ್ನೊಂದು ಅಂಕಿ ಇದ್ದರೆ ಅದನ್ನೇ ಬರೆದುಕೊಳ್ಳಿ. ಮೊದಲ ಅಂಕಿ ಟಾಯರಿನ ಅಗಲ, ಎರಡನೆಯದು ರಿಮ್ಮಿನ ಅಳತೆ. ಎರಡನೆಯದು ಸರಿಹೊಂದಲೇಬೇಕು. ಮೊದಲನೆಯದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ.

ಹಾಲಿನವರ ದೊಡ್ಡ ಕರಿ ಸೈಕಲ್ಲಿನದು 28 x 1 1/2, ಅಂದರೆ 635. ಅದನ್ನು 22 ಇಂಚಿನ ಸೈಕಲ್, 24 ಇಂಚಿನ ಸೈಕಲ್ ಅಂತ ಕರೆಯುತ್ತೇವಲ್ಲ, ಅದು ಫ್ರೇಮಿನ ಎತ್ತರ, ಚಕ್ರದ್ದಲ್ಲ. "22ರ ಟಾಯರ್ ಕೊಡ್ರಿ" ಅಂದರೆ ಹೊಸ ಹುಡುಗ ಅಂಗಡಿಯಲ್ಲಿದ್ದರೆ ತಬ್ಬಿಬ್ಬಾಗುತ್ತಾನೆ. ಇನ್ನು ಸೈಕ್ಲಿಂಗ್ ಹುಡುಗರ 700ಸಿ ಟಾಯರಿನ ಮೇಲೂ ಕೆಲವೊಮ್ಮೆ 28 ಅಂತ ಬರೆದಿರುತ್ತದೆ. ಅದು 622. ಪುಕ್ಕಟೆ ಕೊಟ್ಟರೂ ನಮ್ಮ ಕರಿ ಸೈಕಲ್ಲಿಗೆ ಬಾರದು.

ಟಾಯರ್ ಆಯಿತು. ಅದೇ ಹಾಳೆಯಲ್ಲಿ ಇನ್ನು ನಾಲ್ಕು ಮಾತು ಬರೆಯಿರಿ: ಗಾಳಿ ಹಾಕುವ ವಾಲ್ ಯಾವುದು (ರಬ್ಬರ್ ನಳಿಕೆ ಹಾಕುವ ಹಳೆ ನಮೂನೆಯೋ, ಮೋಟಾರ್ ಸೈಕಲ್ಲಿನ ಹಾಗಿರುವುದೋ), ಗೇರ್ ಇದೆಯೋ ಇಲ್ಲವೋ, ಬ್ರೇಕಿಗೆ ಸರಳೋ ವೈರೋ, ಪೆಡಲ್ ಕಾಲನ್ನು (ಪೆಡಲ್ ಕೂರುವ ಕಬ್ಬಿಣದ ತೋಳು) ಅಚ್ಚಿಗೆ ಹಿಡಿದಿರುವುದು ಕಾಟರ್ ಪಿನ್ನೋ (ಅಡ್ಡ ಹೊಡೆಯುವ ಬೆಣೆ) ಬೋಲ್ಟೋ. ಬರೆಯಲು ಬೇಜಾರಾದರೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಕಾಕಾನ ಅಂಗಡಿಯಲ್ಲಂತೂ ಫೋಟೊ ಮಾತಿಗಿಂತ ಬೇಗ ಕೆಲಸ ಮಾಡುತ್ತದೆ.

ನಡುದಾರಿಯಲ್ಲಿ ಕೈಕೊಡುವ ಸಾಮಾನು ಮೊದಲು

ಇಲ್ಲಿ ಬಹಳ ಜನ ತಪ್ಪುತ್ತಾರೆ. ನಾನೂ ತಪ್ಪಿದ್ದೆ. ದುಡ್ಡು ಕೈಗೆ ಬಂದ ಕೂಡಲೇ ಟಾಯರ್, ಸೀಟು, ಚೈನು ಅಂತ ದೊಡ್ಡ ಸಾಮಾನಿಗೆ ಕೈ ಹಾಕುತ್ತೇವೆ. ಆದರೆ ಟಾಯರ್ ಹೇಳದೆ ಕೇಳದೆ ಸವೆಯುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ನೂಲು ಕಾಣಿಸುತ್ತದೆ. ಕಾಣಿಸಿದ ಮೇಲೆ ತಂದರೂ ಆಗುತ್ತದೆ. ಎಚ್ಚರಿಕೆ ಕೊಡದೆ ನಡುದಾರಿಯಲ್ಲಿ ಇಳಿಸುವುದು ಚಿಲ್ಲರೆ ಸಾಮಾನು: ವಾಲ್ ಟ್ಯೂಬು, ಚೈನ್ ಲಾಕು (ಚೈನಿನ ಎರಡು ತುದಿ ಕೂಡಿಸುವ ಕೊಂಡಿ), ಕಾಟರ್ ಪಿನ್ನು, ಬ್ರೇಕ್ ವೈರು, ಚಕ್ರದ ನಟ್ಟು. ಮೊದಲ ತಿಂಗಳ 200 ರೂಪಾಯಿಯಲ್ಲಿ ಇವನ್ನೇ ತಂದೆ.

ವಾಲ್ ಟ್ಯೂಬು ಅಂದರೆ ಬೆರಳುದ್ದದ ತೆಳ್ಳನೆಯ ರಬ್ಬರ್ ನಳಿಕೆ. ಬೆಲೆ ಲೆಕ್ಕಕ್ಕಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿಗೆ ಅದು ಅಂಟಾಗಿ, ಹರಿದು, ಗಾಳಿ ಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಚಕ್ರ ಚಪ್ಪಟೆ. ಪಂಚರ್ ಅಂದುಕೊಂಡು ಅಂಗಡಿಗೆ ನೂಕಿಕೊಂಡು ಹೋಗುತ್ತೇವೆ. ಹೋಗುವ ಮೊದಲು ಗಾಳಿ ಹಾಕಿ ವಾಲಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ ನೋಡಿ. ಗುಳ್ಳೆ ಎದ್ದರೆ ತಪ್ಪು ಟ್ಯೂಬಿನದಲ್ಲ, ಈ ನಳಿಕೆಯದು. ಒಂದು ಮೊಳ ತಂದಿಟ್ಟುಕೊಂಡು ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಆದರೆ ಜಾಸ್ತಿ ತರಬೇಡಿ, ಡಬ್ಬಿಯಲ್ಲಿದ್ದರೂ ಹಳತಾಗುತ್ತದೆ.

ಕಾಟರ್ ಪಿನ್ನು ಎರಡು ಇರಲಿ, ನಟ್ಟಿನ ಸಮೇತ. ಪೆಡಲ್ ತುಳಿಯುವಾಗ ಪ್ರತಿ ಸುತ್ತಿಗೆ ಒಂದು ಸಲ "ಟಕ್" ಅಂತ ಸದ್ದು ಬಂದರೆ ಪಿನ್ನು ಸಡಿಲಾಗಿದೆ ಎಂದು ಗುಮಾನಿ ಪಡಿ. ಹಾಗೇ ತುಳಿಯುತ್ತ ಹೋದರೆ ಪೆಡಲ್ ಕಾಲಿನ ತೂತೇ ದೊಡ್ಡದಾಗುತ್ತದೆ. ಆಮೇಲೆ ಹೊಸ ಪಿನ್ನೂ ನಿಲ್ಲುವುದಿಲ್ಲ. ಎಡದ್ದು, ಬಲದ್ದು ಒಂದಕ್ಕೊಂದು ಉಲ್ಟಾ ದಿಕ್ಕಿನಲ್ಲಿ ಕೂರಬೇಕು. ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಗೆ ಬರುವುದಿಲ್ಲ. ದಪ್ಪದಲ್ಲೂ ಫರಕು ಇರುವುದರಿಂದ ಹಳೆಯ ಪಿನ್ನನ್ನು ಮಾದರಿಗೆ ಒಯ್ಯಿರಿ.

ಬ್ರೇಕ್ ವೈರ್ ಒಂದೇ ಸಾಕು, ಹಿಂದಿನ ಬ್ರೇಕಿನದು. ಅದು ಉದ್ದ. ಮುಂದಿನದು ಹರಿದರೆ ಅದನ್ನೇ ಕತ್ತರಿಸಿ ಹಾಕಬಹುದು. ಆದರೆ ಬೇಕು ಬೀಳುವ ಮೊದಲೇ ಕತ್ತರಿಸಿಡಬೇಡಿ. ವೈರಿನ ತುದಿಯ ಗುಂಡಿ ಎರಡು ಆಕಾರದಲ್ಲಿ ಬರುತ್ತದೆ, ನಿಮ್ಮ ಹ್ಯಾಂಡಲ್ಲಿಗೆ ಯಾವುದು ಅಂತ ನೋಡಿಕೊಂಡೇ ತನ್ನಿ.

ಪಂಚರ್ ಸಾಮಾನು

ಎರಡನೇ ತಿಂಗಳು ಒಂದು ಹೊಸ ಟ್ಯೂಬು ತಂದೆ. ಟ್ಯೂಬಿಗೆ ಟಾಯರಿನಷ್ಟು ಹಠ ಇಲ್ಲ, ರಬ್ಬರ್ ಹಿಗ್ಗುತ್ತದೆ. ಗೀಟಿನ 26ರ ಟ್ಯೂಬು ಚುಕ್ಕಿಯ 26ಕ್ಕೂ ತುರ್ತಿಗೆ ನಡೆದುಹೋಗುತ್ತದೆ. ಮನೆಯಲ್ಲಿ ಎರಡು ನಮೂನೆ ಸೈಕಲ್ ಇದ್ದವರಿಗೆ ಇದು ದೊಡ್ಡ ಉಳಿತಾಯ.

ಪ್ಯಾಚನ್ನು ಕೊಳ್ಳಬೇಕಾಗಿಯೇ ಇಲ್ಲ. ಕೆಟ್ಟ ಟ್ಯೂಬನ್ನು ಎಸೆಯದೆ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ದುಂಡಗೆ ಕತ್ತರಿಸಿ ಇಡಿ. ಚೌಕಾಗಿ ಕತ್ತರಿಸಿದರೆ ಮೂಲೆಯಿಂದ ಏಳುತ್ತದೆ. ಸಲೂಷನ್ (ಪ್ಯಾಚ್ ಹಚ್ಚುವ ಅಂಟು) ಮಾತ್ರ ಸಣ್ಣ ಟ್ಯೂಬಿನದೇ ತನ್ನಿ. ದೊಡ್ಡ ಡಬ್ಬಿ ಅಗ್ಗ ಅನ್ನಿಸುತ್ತದೆ, ಆದರೆ ಒಮ್ಮೆ ಬಾಯಿ ತೆರೆದರೆ ಒಳಗಿನ ದ್ರಾವಣ ಹಾರಿಹೋಗಿ ಗಟ್ಟಿಯಾಗುತ್ತದೆ. ಮನೆಯವರಿಗೆ ವರ್ಷಕ್ಕೆ ಬೀಳುವುದು ನಾಲ್ಕೋ ಐದೋ ಪಂಚರ್. ಉಜ್ಜುಗಾಗದದ ಒಂದು ತುಂಡು ಜೊತೆಗಿರಲಿ. ಉಜ್ಜಿ, ಸಲೂಷನ್ ಹಚ್ಚಿ, ಅದು ಒಣಗಿ ಹೊಳಪು ಹೋಗುವವರೆಗೆ ಕಾದು ಆಮೇಲೆ ಅಂಟಿಸಬೇಕು. ಹಸಿ ಇರುವಾಗಲೇ ಒತ್ತಿದ ಪ್ಯಾಚು ಎರಡು ದಿನವೂ ಬಾಳುವುದಿಲ್ಲ.

ಪಂಚರ್ ಹಾಕಿದ ಮೇಲೆ ಟಾಯರಿನ ಒಳಗೆ ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ. ನಮ್ಮ ಕಡೆ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಎರಡೂ ಧಾರಾಳ. ಮುರಿದ ತುದಿ ಒಳಗೇ ಉಳಿದು ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಮೆಲ್ಲಗೆ ಆಡಿಸಿ, ಇಲ್ಲದಿದ್ದರೆ ಬೆರಳೂ ಪಂಚರ್.

ಚೈನಿಗೆ ಶಾಲೆಯ ಸ್ಕೇಲು

ಇದೊಂದು ಅಳತೆ ಗೊತ್ತಿದ್ದರೆ ನೂರಾರು ರೂಪಾಯಿ ಉಳಿಯುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. 24 ಕೊಂಡಿಗೆ 12 ಇಂಚು. ಮಕ್ಕಳ ಸ್ಕೇಲಿನ ಇಂಚಿನ ಕಡೆ ತಿರುಗಿಸಿ, ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಚೈನು ಬಿಗಿಯಾಗಿರಲಿ. 12ರ ಗೆರೆ ಇನ್ನೊಂದು ಪಿನ್ನಿನ ನಡುವಿಗೆ ಬಂದರೆ ಚೈನು ಗಟ್ಟಿ ಇದೆ. ಪಿನ್ನು ಗೆರೆಯಿಂದ 1/16 ಇಂಚು ಮುಂದೆ ಹೋಗಿದ್ದರೆ ಹೊಸ ಚೈನ್ ಹಾಕುವ ಹೊತ್ತು. 1/8 ಇಂಚು ಹೋಗಿದ್ದರೆ ತಡವಾಯಿತು, ಹಲ್ಲುಗಳೂ ಸವೆದಿರುತ್ತವೆ. ಆಗ ಹೊಸ ಚೈನ್ ಹಾಕಿದರೂ ಹಳೆ ಹಲ್ಲಿನ ಮೇಲೆ ಜಿಗಿಯುತ್ತದೆ. ಫ್ರೀವೀಲೂ (ಹಿಂದಿನ ಚಕ್ರದ ಹಲ್ಲುಗಾಲಿ) ಬೇಕು, ಕೆಲವೊಮ್ಮೆ ಪೆಡಲ್ ಹತ್ತಿರದ ದೊಡ್ಡ ಹಲ್ಲುಗಾಲಿಯೂ ಬೇಕು.

ಎರೆ ಮಣ್ಣಿನ ಹೊಲದ ದಾರಿಯಲ್ಲಿ ಓಡುವ ಸೈಕಲ್ಲಿಗೆ ಈ ಸವೆತ ಬೇಗ ಬರುತ್ತದೆ. ಎಣ್ಣೆ ಮೇಲೆ ಎಣ್ಣೆ ಹಾಕಿದರೆ ಮಣ್ಣು ಇನ್ನೂ ಅಂಟುತ್ತದೆ. ಬಟ್ಟೆಯಿಂದ ಒರೆಸಿ ಆಮೇಲೆ ಹಾಕಿ. ಗೇರ್ ಇಲ್ಲದ ಸೈಕಲ್ಲಿನ ಚೈನು ಅಗಲ, 1/8 ಇಂಚಿನದು. ಗೇರಿನದು ಸಣ್ಣದು. ಚೈನ್ ಲಾಕೂ ಅದಕ್ಕೆ ತಕ್ಕದ್ದೇ ಬೇಕು. ಲಾಕಿನ ಕ್ಲಿಪ್ಪು ಹಾಕುವಾಗ ಮುಚ್ಚಿದ ಬಾಯಿ ಚೈನು ಓಡುವ ದಿಕ್ಕಿಗೆ ಇರಲಿ.

ಗುಂಡು, ಕಡ್ಡಿ

ಉಕ್ಕಿನ ಗುಂಡುಗಳು ಅಗ್ಗ, ಆದರೆ ಲೆಕ್ಕ ಗೊತ್ತಿರಬೇಕು. ಕರಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 1/4 ಇಂಚಿನವು, ಮಗ್ಗುಲಿಗೆ 9. ಮುಂದಿನದಕ್ಕೆ 3/16ರವು, ಮಗ್ಗುಲಿಗೆ 10. ಎರಡು ಪೆಡಲ್ ಕಾಲುಗಳ ನಡುವಿನ ಅಚ್ಚಿಗೆ ಮತ್ತೆ 1/4ರವು, ಮಗ್ಗುಲಿಗೆ 11. ದೊಡ್ಡವು 40, ಸಣ್ಣವು 20 ತಂದರೆ ಮೂರೂ ಕಡೆಗೆ ಒಂದು ಸಲಕ್ಕೆ ಸಾಕು. ಒಂದೆರಡು ಒಡೆದಿವೆ ಅಂತ ಅಷ್ಟನ್ನೇ ಬದಲಿಸಬೇಡಿ. ಹೊಸದು ಹಳೆಯದು ಕೂಡಿದರೆ ಭಾರವೆಲ್ಲ ಹೊಸದರ ಮೇಲೆ ಬಿದ್ದು, ಗುಂಡು ಉರುಳುವ ಕೋನು ಹಾಳಾಗುತ್ತದೆ.

ಚಕ್ರದ ಕಡ್ಡಿಗಳು (ಸ್ಪೋಕ್) ಮುರಿಯುವುದು ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಅದೂ ಫ್ರೀವೀಲ್ ಕಡೆ. ಹಾಲಿನ ಕ್ಯಾನಿನ ಸೈಕಲ್ಲಿಗೆ ನಾಲ್ಕು ಇರಲಿ, ಶಾಲೆಯ ಸೈಕಲ್ಲಿಗೆ ಬೇಡವೇ ಬೇಡ. ಉದ್ದ ಚೂರು ಹೆಚ್ಚುಕಡಿಮೆಯಾದರೂ ನಡೆಯದು. ಮುರಿದ ಕಡ್ಡಿಯ ಎರಡೂ ತುಂಡು ಒಯ್ದು ಅಳತೆ ಹಿಡಿಸಿ.

ಗುಜರಿಯಲ್ಲಿ ಏನು ತೆಗೆಯಬೇಕು, ಏನು ಬಿಡಬೇಕು

ಕಡಿಮೆ ದುಡ್ಡಿನಲ್ಲಿ ಜಾಸ್ತಿ ಸಾಮಾನು ಬೇಕಾದರೆ ಬಿಡಿ ಬಿಡಿಯಾಗಿ ಕೊಳ್ಳುವುದಕ್ಕಿಂತ ಒಂದು ಹಳೆ ಸೈಕಲ್ಲನ್ನೇ ತಂದುಬಿಡಿ. 2006-07ರಿಂದ ಕೋವಿಡ್ ಬರುವವರೆಗೆ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತಲ್ಲ, ಅವು ಎಷ್ಟೋ ಮನೆಯ ಹಿತ್ತಲಲ್ಲಿ ಇನ್ನೂ ನಿಂತಿವೆ. ಮಕ್ಕಳು ದೊಡ್ಡವರಾಗಿ ಬೈಕ್ ಹತ್ತಿದ್ದಾರೆ. ಕೇಳಿದರೆ ಗುಜರಿ ರೇಟಿಗೆ ಕೊಡುತ್ತಾರೆ. ಗುರುತಿನವರ ಹತ್ತಿರವೇ ಕೊಳ್ಳಿ. ಗೊತ್ತಿಲ್ಲದವರು ಅರ್ಧ ರೇಟಿಗೆ ಚೆನ್ನಾಗಿರೋ ಸೈಕಲ್ ಕೊಡುತ್ತೇನೆ ಅಂದರೆ ಅದು ಯಾರದ್ದೋ ಕಳುವಾದ ಸೈಕಲ್ ಇರಬಹುದು, ಅಲ್ವಾ?

ಕಬ್ಬಿಣದ ಸಾಮಾನು ತೆಗೆಯಿರಿ: ಪೆಡಲ್ ಕಾಲು, ಅಚ್ಚು, ನಟ್ಟುಗಳು, ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡಿನ ಕಂಬಿ, ಸೀಟಿನ ಸ್ಪ್ರಿಂಗು. ರಿಮ್ಮನ್ನು ತಿರುಗಿಸಿ ನೋಡಿ, ಡೊಂಕಿಲ್ಲದಿದ್ದರೆ ಅದೇ ದೊಡ್ಡ ಲಾಭ. ರಬ್ಬರಿನ ಯಾವುದನ್ನೂ ನಂಬಬೇಡಿ. ಬಿಸಿಲಲ್ಲಿ ನಿಂತ ಟಾಯರು ನೋಡಲು ಹೊಸದರ ಹಾಗಿದ್ದರೂ ಮಡಚಿದರೆ ಸೀಳುತ್ತದೆ. ಹಳೆ ಬ್ರೇಕ್ ವೈರು, ಹಳೆ ಕಾಟರ್ ಪಿನ್ನು ಕೂಡ ಬೇಡ. ಪೆಡಲ್ ಬಿಚ್ಚುವಾಗ ಎಡದ್ದರ ಮರೆ (ತಿರುಪಿನ ಸುತ್ತು) ಉಲ್ಟಾ ಎಂದು ನೆನಪಿರಲಿ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ಪಾನಾ ತಿರುಗಿಸಿದರೆ ಅದು ಸಡಿಲಾಗುತ್ತದೆ. ಇದು ಗೊತ್ತಿಲ್ಲದೆ ನಾನೊಮ್ಮೆ ಪಾನಾದ ಬಾಯಿಯನ್ನೇ ಅಗಲ ಮಾಡಿದ್ದೇನೆ. ಫ್ರೀವೀಲ್ ಬಿಚ್ಚುವ ಕೆಲಸ ಅಂಗಡಿಗೆ ಬಿಡಿ, ಅದಕ್ಕೆ ಬೇರೆಯೇ ಹತ್ಯಾರ ಬೇಕು.

ಕಂಪನಿ ಬೇರೆ ಅಂತ ಹೆದರಬೇಡಿ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಂತಿತು. ಆದರೂ ಆ ಸೈಕಲ್ಲುಗಳು ಇಂದಿಗೂ ಓಡುತ್ತಿವೆ. ಕರಿ ಸೈಕಲ್ಲಿನ ಅಳತೆಗಳು ಹೆಚ್ಚುಕಡಿಮೆ ಎಲ್ಲ ಕಂಪನಿಯವೂ ಒಂದೇ. ಬಿಡಿ ಸಾಮಾನು ಬಹುಪಾಲು ಲೂಧಿಯಾನದಿಂದ ಬರುತ್ತದೆ.

ಡಬ್ಬಿ ಎಲ್ಲಿಡಬೇಕು

ತಗಡಿನ ಮಾಳಿಗೆಯ ಕೆಳಗೆ ಬೇಡ, ಇನ್ವರ್ಟರ್ ಪಕ್ಕವೂ ಬೇಡ. ರಬ್ಬರಿಗೆ ಎರಡೂ ವೈರಿ. ಟ್ಯೂಬಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಸಡಿಲವಾಗಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಗುಂಡು, ಪಿನ್ನುಗಳಿಗೆ ಒಂದು ಹನಿ ಎಣ್ಣೆ ಬಿಟ್ಟು ಬೇರೆ ಸಣ್ಣ ಡಬ್ಬಿಯಲ್ಲಿಡಿ. ಎಣ್ಣೆಯೂ ರಬ್ಬರೂ ಒಂದೇ ಚೀಲದಲ್ಲಿ ಇರಬಾರದು. ಅಳತೆ ಬರೆದ ಹಾಳೆಯನ್ನು ಮುಚ್ಚಳದ ಒಳಗೆ ಅಂಟಿಸಿ.

ಅಕ್ಕಪಕ್ಕದ ಮನೆಯ ಸೈಕಲ್ಲುಗಳ ಅಳತೆಯನ್ನೂ ಅದೇ ಹಾಳೆಯಲ್ಲಿ ಬರೆದಿಡಿ. ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ 28 x 1 1/2 ಇದೆ. ಒಂದು ಟಾಯರ್ ಕೂಡಿ ತಂದು ಇಟ್ಟಿದ್ದೇವೆ, ಬಳಸಿದವರು ಹೊಸದು ತಂದಿಡುತ್ತಾರೆ. ನನ್ನ ಚುಕ್ಕಿಯ ಟಾಯರು ಎಂಟು ತಿಂಗಳು ಅಟ್ಟದ ಮೇಲೆ ಬಿದ್ದಿತ್ತು. ಆಮೇಲೆ ಎದುರು ಮನೆಯ ಹುಡುಗನ ಸೈಕಲ್ಲಿನ ಟಾಯರ್ ಹರಿಯಿತು. ಮಗ್ಗುಲು ಓದಿದೆ: 26 x 1.95. ಅವರಪ್ಪ ದುಡ್ಡು ಕೊಡಲು ಬಂದರು. ನಾನು ಒಂದು ಜೊತೆ ಬ್ರೇಕ್ ರಬ್ಬರ್, ಒಂದು ಚೈನ್ ತೆಗೆದುಕೊಂಡೆ.