ಉಳಿದುಬಿಟ್ಟ ಟಿ: ಆರಕ್ಷರದ ಇಂಗ್ಲಿಷ್ ಪದಗಳ ಜೊತೆ ನನ್ನ ಅನುಭವ

ನಾನು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಓದಿದ್ದು ಕನ್ನಡ ಮೀಡಿಯಂನಲ್ಲಿ. ಎಬಿಸಿಡಿ ಕಲಿತದ್ದು 5ನೇ ತರಗತಿಯಲ್ಲಿ. 8ನೇ ತರಗತಿಯಲ್ಲಿ ಒಂದು ದಿನ ಡಿಕ್ಟೇಷನ್‌ಗೆ ‘ಲಿಸನ್’ ಕೊಟ್ಟರು. ಕಿವಿಗೆ ಬಿದ್ದದ್ದನ್ನೇ ಬರೆದೆ: ಎಲ್-ಐ-ಎಸ್-ಇ-ಎನ್. ಕೆಂಪು ಇಂಕಿನ ಗೆರೆ ಬಿತ್ತು. ಹತ್ತು ಸಲ ಬರೆದುಕೊಂಡು ಬಾ ಅಂದರು, ಬರೆದೆ. ನಡುವೆ ಒಂದು ಟಿ ಯಾಕೆ ಬೇಕು ಅಂತ ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಮುಂದೆ ನಾನು ಪಾಠ ಮಾಡುವಾಗ ನನ್ನ ಮಕ್ಕಳೂ ಅದೇ ತಪ್ಪು ಮಾಡಿದರು. ನಾವು ಕನ್ನಡದವರು ಕಿವಿಯನ್ನು ನಂಬಿ ಬರೆಯುವವರು. ಹೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಆದರೆ ಟಿ ತಲೆಯಲ್ಲಿ ಕೂರುವುದಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಬೇರೆ ದಾರಿ ಹಿಡಿದೆ. ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಚೌಕವಾಗಿ ಕತ್ತರಿಸಿದೆ. ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಒಂದೊಂದು ದೊಡ್ಡಕ್ಷರ ಬರೆದೆ. ಪ್ರತಿ ಗುಂಪಿಗೆ ಆರು ಚೀಟಿ ಕೊಟ್ಟೆ: ಇ, ಐ, ಎಲ್, ಎನ್, ಎಸ್, ಟಿ. ಎಲ್ಲ ಚೀಟಿ ಬಳಸಿ ‘ಲಿಸನ್’ ಜೋಡಿಸಿ ಅಂದೆ.

ಒಬ್ಬ ಹುಡುಗಿ ಐದು ಚೀಟಿ ಜೋಡಿಸಿ ತಲೆ ಎತ್ತಿದಳು. “ಮಿಸ್, ಒಂದು ಟಿ ಉಳ್ಕೊಂಡ್‌ಬಿಡ್ತು.”

“ಅದಕ್ಕೂ ಒಂದು ಜಾಗ ಇದೆ, ಹುಡುಕು ಪುಟ್ಟ” ಅಂದೆ. ಮೊದಲು ಕೊನೆಯಲ್ಲಿಟ್ಟಳು, ಆಮೇಲೆ ಮೊದಲಲ್ಲಿಟ್ಟಳು. ಪಕ್ಕದವಳು ಅದನ್ನು ಎತ್ತಿ ಎಸ್ ಮತ್ತು ಇ ನಡುವೆ ತೂರಿಸಿದಳು. ಆ ಗುಂಪಿನ ಮಕ್ಕಳು ಆಮೇಲೆ ಆ ಟಿಯನ್ನು ಮರೆತದ್ದು ನಾನು ನೋಡಿಲ್ಲ. ನೋಟ್‌ಬುಕ್ಕಿನಲ್ಲಿ ಬಿಟ್ಟುಹೋದ ಅಕ್ಷರ ಕಾಣುವುದಿಲ್ಲ, ಬೆಂಚಿನ ಮೇಲೆ ಉಳಿದ ಚೀಟಿ ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಕಿವಿಗೊಡು ಅನ್ನುವುದಕ್ಕೆ ‘ಲಿಸ್ಟ್’ ಅನ್ನುವ ಕ್ರಿಯಾಪದವೂ ಇತ್ತು, ಅದರಲ್ಲಿ ಟಿ ಕೇಳಿಸುತ್ತಿತ್ತು ಅಂತ ಹೇಳಿದೆ. ನನಗೆ ಯಾರೂ ಕೊಡದ ಉತ್ತರ ಅದು.

ಆಮೇಲೆ ಅದೇ ಆರು ಚೀಟಿಯಲ್ಲಿ ಬೇರೆ ಪದ ಹುಡುಕಿ ಅಂದೆ. ಆರು ಬೇರೆ ಬೇರೆ ಅಕ್ಷರಗಳನ್ನು 720 ರೀತಿಯಲ್ಲಿ ಜೋಡಿಸಬಹುದು. ಅಷ್ಟನ್ನೂ ಯಾರು ನೋಡುತ್ತಾರೆ? ಪದದ ಬಾಲ ಹಿಡಿಯಬೇಕು. ಇ-ಎನ್-ಟಿ ಕೊನೆಗಿಟ್ಟರೆ ‘ಸೈಲೆಂಟ್’ ಸಿಗುತ್ತದೆ. ಇ-ಎಲ್ ಕೊನೆಗಿಟ್ಟರೆ ‘ಟಿನ್ಸೆಲ್’. ಇನ್ನು ತಲೆ ಹಿಡಿದರೆ, ಇ-ಎನ್‌ನಿಂದ ‘ಎನ್‌ಲಿಸ್ಟ್’, ಐ-ಎನ್‌ನಿಂದ ‘ಇನ್‌ಲೆಟ್ಸ್’. ಒಟ್ಟು ಐದು ಪದ.

ಈಗ ಅರ್ಥದ ಸಮಾಚಾರ. ನನಗೆ ತುಂಬ ಇಷ್ಟವಾದ ಕೆಲಸ ಇದು. ಲಿಸನ್ ಅಂದರೆ ಗಮನವಿಟ್ಟು ಕೇಳು. ಸೈಲೆಂಟ್ ಅಂದರೆ ಸದ್ದಿಲ್ಲದ, ಮೌನದ. ಎನ್‌ಲಿಸ್ಟ್ ಅಂದರೆ ಸೇನೆಗೆ ಸೇರುವುದು, ಪಟ್ಟಿಯಲ್ಲಿ ಹೆಸರು ಬರೆಸುವುದು. ಇನ್‌ಲೆಟ್ ಅಂದರೆ ಕಡಲು ನೆಲದೊಳಗೆ ಚಾಚಿದ ಕಿರಿದಾದ ಜಾಗ ಅಂತ ಶುರು ಮಾಡಿದೆ. ಪ್ಲಂಬರ್ ಒಬ್ಬರ ಮಗ ತಡೆದ. “ಮಿಸ್, ಟ್ಯಾಂಕಿಗೆ ನೀರು ಬರೋ ಪೈಪಿಗೂ ಇನ್‌ಲೆಟ್ ಅಂತಾರೆ.” ಸರಿಯಾಗೇ ಹೇಳಿದ. ಅವನ ಅರ್ಥವನ್ನೇ ಬೋರ್ಡಿನ ಮೇಲೆ ಮೊದಲು ಬರೆದೆ.

ಟಿನ್ಸೆಲ್ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಣೇಶನ ಮಂಟಪಕ್ಕೆ ಬೇಗಡೆ ಅಂಟಿಸುತ್ತೇವಲ್ವಾ, ಆ ಥರ ಮಿಂಚುವ ತೆಳು ಎಳೆ ಅಂದೆ. ಈ ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಅಲ್ಲಿ ಅದಕ್ಕೆ ಕಿಡಿ ಅಂತ ಅರ್ಥ. ಬೇಗಡೆ ಬೆಳಕಿಗೆ ಮಿನುಗುವುದನ್ನು ಕಂಡವರಿಗೆ ಆ ನಂಟು ತಾನಾಗಿ ಹೊಳೆಯುತ್ತದೆ.

ಒಂದು ವಿಷಯ ಹೇಳಲೇಬೇಕು. ಈ ಐದೂ ಪದವನ್ನು ಕನ್ನಡದಲ್ಲಿ ಬರೆದು ನೋಡಿದರೆ ಅವು ಒಂದೇ ಅಕ್ಷರಗಳಿಂದ ಆದವು ಅಂತ ಹೇಳಲಾಗುವುದಿಲ್ಲ. ನಮ್ಮ ‘ವಿಕಟಕವಿ’ಯನ್ನು ಹಿಂದಿನಿಂದ ಓದಿದರೂ ಕಿವಿಗೆ ಅದೇ ಕೇಳಿಸುತ್ತದೆ, ಯಾಕೆಂದರೆ ಅಕ್ಷರ ಎಲ್ಲಿ ಕೂತರೂ ಅದರ ಸದ್ದು ಅದೇ. ಇಂಗ್ಲಿಷಿನಲ್ಲಿ ಹಾಗಲ್ಲ. ಐ ಅಕ್ಷರ ಲಿಸನ್‌ನಲ್ಲಿ ‘ಇ’ ಅನ್ನುತ್ತದೆ, ಸೈಲೆಂಟ್‌ನಲ್ಲಿ ‘ಐ’ ಅನ್ನುತ್ತದೆ. ಟಿ ಒಂದರಲ್ಲಿ ಸುಮ್ನಿರುತ್ತದೆ, ಇನ್ನೊಂದರಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಿಯಮ ಅನ್ನಿಸುತ್ತದೆ. ಅವರೇ ಚೀಟಿ ಸರಿಸಿ ನೋಡಿದಾಗ ಸ್ಪೆಲ್ಲಿಂಗ್ ಕಣ್ಣಿನ ಕೆಲಸ ಅಂತ ಗೊತ್ತಾಗುತ್ತದೆ.

ಪದಗಳು ಜಾಸ್ತಿ ಆದ ಮೇಲೆ ಒಂದು ರಿಜಿಸ್ಟರ್ ಇಟ್ಟೆವು. ಸಿಕ್ಕ ಪದದ ಅಕ್ಷರಗಳನ್ನು ಎಬಿಸಿಡಿ ಕ್ರಮದಲ್ಲಿ ಬರೆಯುವುದು. ಅದೇ ಆ ಪದದ ವಿಳಾಸ. ಒಂದೇ ವಿಳಾಸದ ಪದಗಳೆಲ್ಲ ಒಂದೇ ಪುಟದಲ್ಲಿ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು ಗಂಭೀರವಾಗಿ ಆಡುವವರು ಅಭ್ಯಾಸ ಮಾಡುವುದೂ ಹೀಗೇ. ಆ ಆಟವನ್ನು ಕಟ್ಟಿದ ಅಮೆರಿಕದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದ್ದರು. ಆಟದ 100 ಬಿಲ್ಲೆಗಳಲ್ಲಿ ಇ 12 ಇವೆ, ಎಸ್ ಬರೀ 4. ಎಸ್ ಜಾಸ್ತಿ ಇದ್ದರೆ ಎಲ್ಲರೂ ಬಹುವಚನ ಮಾಡಿಯೇ ಗೆಲ್ಲುತ್ತಾರೆ. ಅದಕ್ಕೇ ಇನ್‌ಲೆಟ್ಸ್ ಥರದ ಪದಗಳನ್ನು ನಾನೂ ಪಟ್ಟಿಯ ಕೊನೆಗೆ ಹಾಕಿಸುತ್ತೇನೆ.

ನಮ್ಮ ರಿಜಿಸ್ಟರಿನಲ್ಲಿ ಒಳ್ಳೆಯ ಪುಟ ಎ-ಡಿ-ಇ-ಜಿ-ಎನ್-ಆರ್. ‘ಗಾರ್ಡನ್’ ಮತ್ತು ‘ಡೇಂಜರ್’ ಎರಡೂ ಆ ಪುಟದಲ್ಲೇ ಇವೆ ಅಂದರೆ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಡೇಂಜರ್ ಅಂದರೆ ಮೊದಲು ಒಡೆಯನ ಅಧಿಕಾರ, ಅವನ ಹಿಡಿತ. ಅಪಾಯ ಅನ್ನುವ ಅರ್ಥ ಆಮೇಲೆ ಬಂತು. ಗಂಡು ಹೆಬ್ಬಾತು ‘ಗ್ಯಾಂಡರ್’ ಕೂಡ ಅಲ್ಲೇ ಇದೆ.

ಇನ್ನೊಂದು ಪುಟ ಎ-ಸಿ-ಇ-ಎನ್-ಆರ್-ಟಿ. ‘ನೆಕ್ಟರ್’ ಹೂವಿನ ಮಕರಂದ. ‘ಟ್ರಾನ್ಸ್’ ಮೈಮರೆತ ಸ್ಥಿತಿ. ‘ಕ್ಯಾಂಟರ್’ ಕುದುರೆಯ ಹದವಾದ ಓಟ. ಇಂಗ್ಲೆಂಡಿನ ಕ್ಯಾಂಟರ್ಬರಿಗೆ ಹೋಗುವ ಯಾತ್ರಿಕರ ಕುದುರೆಗಳ ನಡೆಯಿಂದ ಆ ಹೆಸರು ಬಂತು. ‘ರಿಕ್ಯಾಂಟ್’ ಅಂದರೆ ಹೇಳಿದ ಮಾತನ್ನು ಎಲ್ಲರೆದುರು ಹಿಂತೆಗೆದುಕೊಳ್ಳುವುದು. 1633ರಲ್ಲಿ ಗೆಲಿಲಿಯೊ ಚರ್ಚಿನ ಒತ್ತಡಕ್ಕೆ ಮಾಡಬೇಕಾಗಿ ಬಂದದ್ದು ಇದನ್ನೇ. ವಿಜ್ಞಾನದ ಪಾಠದಲ್ಲಿ ಅವನ ಹೆಸರು ಕೇಳಿದ್ದ ಮಕ್ಕಳಿಗೆ ಆ ಪದ ಒಂದೇ ಸಲಕ್ಕೆ ಹಿಡಿಸಿತು.

ನನ್ನ ಕಟ್ಟುನಿಟ್ಟು ಒಂದೇ. ಪದ ಸಿಕ್ಕ ಮಾತ್ರಕ್ಕೆ ರಿಜಿಸ್ಟರಿಗೆ ಹೋಗುವಂತಿಲ್ಲ. ಅರ್ಥ ತಿಳಿದು, ತಮ್ಮ ಮನೆಯ, ಬೀದಿಯ ವಿಷಯದಲ್ಲಿ ಒಂದು ವಾಕ್ಯ ಬರೆದವರು ಮಾತ್ರ ಅದನ್ನು ಸೇರಿಸಬಹುದು. ಸುಮ್ನೆ ಪಟ್ಟಿ ಉದ್ದ ಮಾಡಿದರೆ ಪರೀಕ್ಷೆಯ ಮಾರನೇ ದಿನ ಏನೂ ಉಳಿಯುವುದಿಲ್ಲ, ಅದನ್ನು ನಾನು ಅನುಭವಿಸಿದ್ದೇನೆ.

ಈ ವಾರದ ಚೀಟಿಗಳು ಎ, ಇ, ಎಂ, ಆರ್, ಎಸ್, ಟಿ. ‘ಮಾಸ್ಟರ್’ ಮೊದಲ ದಿನವೇ ಬಂತು, ‘ಸ್ಟ್ರೀಮ್’ ಎರಡನೇ ದಿನ. ಪ್ರಾಣಿಗಳನ್ನು ಪಳಗಿಸುವವರ ಪದ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ನಾನು ಹೇಳಿಕೊಟ್ಟಿಲ್ಲ. ಚೀಟಿಗಳನ್ನು ಬೆಂಚಿನ ಮೇಲೆಯೇ ಬಿಟ್ಟು ಬಂದಿದ್ದೇನೆ.