ಬೂತಾಯಿ ಮೀನನ್ನು ಮುಳ್ಳು ಸಮೇತ ನಾಯಿಗೆ ಹಾಕಬಹುದೇ? ನನ್ನ ಅನುಭವ

ಬೂತಾಯಿಯನ್ನು (ಸಾರ್ಡೀನ್) ಮುಳ್ಳು ತೆಗೆಯದೆ ನಾಯಿಗೆ ಹಾಕುತ್ತೇನೆಂದಾಗ ನಮ್ಮ ಓಣಿಯಲ್ಲಿ ಒಪ್ಪಿದವರು ಒಬ್ಬರೂ ಇರಲಿಲ್ಲ. ಮಲ್ಪೆಯ ನಮ್ಮ ಮನೆಯ ನಾಲ್ಕು ನಾಡನಾಯಿಗಳು ಎರಡು ವರ್ಷಗಳಿಂದ ಮುಖ್ಯವಾಗಿ ಬೂತಾಯಿ ಮತ್ತು ಕುಚ್ಚಲಕ್ಕಿ ಅನ್ನವನ್ನೇ ತಿಂದು ಗಟ್ಟಿಯಾಗಿವೆ. ಅಂದು ಬೈದಿದ್ದ ಪಕ್ಕದ ಮನೆಯ ಅಣ್ಣ ಕಳೆದ ತಿಂಗಳು ಬಂದು ಅಳತೆ ಕೇಳಿಕೊಂಡು ಹೋದರು.

ಮೊದಲ ತಪ್ಪು ದೊಡ್ಡದು. ಉಳಿದ ಮೀನುಸಾರಿನ ತುಂಡುಗಳನ್ನು ತೊಳೆದು, ಖಾರ ಹೋಯಿತೆಂದುಕೊಂಡು, ಸ್ವಲ್ಪ ಸಾರಿನೊಂದಿಗೇ ಅನ್ನಕ್ಕೆ ಕಲಸುತ್ತಿದ್ದೆ. ಕೆಲವೇ ದಿನಗಳಲ್ಲಿ ನಾಲ್ಕು ನಾಯಿಗಳಲ್ಲಿ ಒಂದಾದ ಕರಿಯನ ವಸಡು ಬಿಳಿಚಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಖಾರವಲ್ಲ, ಮಸಾಲೆಗೆ ಅರೆದ ನೀರುಳ್ಳಿ ಮತ್ತು ಬೆಳ್ಳುಳ್ಳಿಯೇ ಕಾರಣವೆಂದೂ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆಂದೂ, ಬೇಯಿಸಿದರೂ ಹುರಿದರೂ ಆ ವಿಷ ಹೋಗದೆಂದೂ ಪಶುವೈದ್ಯರು ತಿಳಿಸಿದರು. ರಕ್ತಪರೀಕ್ಷೆ, ಡ್ರಿಪ್ಪು, ರಿಕ್ಷಾ ಎಲ್ಲ ಸೇರಿ 6,000 ರೂಪಾಯಿಯಷ್ಟು ಹೋಯಿತು. ಕರಿಯ ಉಳಿದುಕೊಂಡ, ಆ ಹದಿನೈದು ದಿನ ನನಗೆ ನಿದ್ದೆಯಿರಲಿಲ್ಲ.

ಅನಂತರ ಮುಳ್ಳಿನ ಕಾಟ. ಪಾತ್ರೆಯಲ್ಲಿ ಬೇಯಿಸಿದ ಬಂಗುಡೆ ಮೀನಿನ ಮುಳ್ಳು ಒಂದು ಮರಿಯ ಗಂಟಲಿಗೆ ಸಿಕ್ಕಿ, ಟಾರ್ಚು ಹಿಡಿದು ಚಿಮಟದಲ್ಲಿ ತೆಗೆಯಬೇಕಾಯಿತು. ಹಸಿಯಾಗಿಯೇ ಹಾಕೆಂದವರಿದ್ದರು, ಆದರೆ ಬೂತಾಯಿ ಜಾತಿಯ ಹಸಿಮೀನಿನಲ್ಲಿ ಬಿ1 ಜೀವಸತ್ವವನ್ನು ಕೆಡಿಸುವ ಕಿಣ್ವವಿದ್ದು, ಬೇಯಿಸಿದರೆ ಮಾತ್ರ ಅದು ಅಳಿಯುತ್ತದೆ.

ಕೊನೆಗೆ ಕೈಹಿಡಿದದ್ದು ಕುಕ್ಕರ್. ನಾಲ್ಕು ವಿಸಿಲ್ ಸಾಲಲಿಲ್ಲ. ಇಪ್ಪತ್ತು ನಿಮಿಷಕ್ಕೆ ಬಾಲದ ಕಡೆ ಮೆತ್ತಗಾಯಿತೇ ಹೊರತು ನಡುಮುಳ್ಳು ಹಾಗೆಯೇ ಉಳಿಯಿತು. ತಲೆ, ಕರುಳು ತೆಗೆದ ಬೂತಾಯಿಯನ್ನು ಉಪ್ಪು, ಹುಳಿ ಯಾವುದನ್ನೂ ಸೇರಿಸದೆ, ಮುಳುಗುವಷ್ಟು ನೀರಿನಲ್ಲಿಟ್ಟು, ಮೊದಲ ವಿಸಿಲಿನ ಬಳಿಕ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡುತ್ತೇನೆ. ಅತಿ ದೊಡ್ಡ ಮೀನಿನ ನಡುಮುಳ್ಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿದಾಗ ಅದು ಒದ್ದೆ ವಿಭೂತಿಯಂತೆ ಕರಗಬೇಕು. ಚೂರು ಗರಗರ ಎಂದರೂ ಮತ್ತೆ ಹತ್ತು ನಿಮಿಷ. ಬಂಗುಡೆಯ ಮುಳ್ಳು ಇಷ್ಟಕ್ಕೂ ಜಗ್ಗಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆ.

ಹದಿನೆಂಟು ಕಿಲೋ ತೂಕದ ಕರಿಯನಿಗೆ ದಿನಕ್ಕೆ ಮೂರು ಮೀನು, ಅನ್ನ, ಬೇಯಿಸಿದ ಸಿಹಿಕುಂಬಳ, ವಾರಕ್ಕೆ ಮೂರು ಮೊಟ್ಟೆ, ಒಮ್ಮೆ ಕೋಳಿಯ ಪಿತ್ತಜನಕಾಂಗ. ಪ್ಯಾಕೆಟ್ ಆಹಾರಕ್ಕೆ ನಾಲ್ಕಕ್ಕೂ ಸೇರಿ ತಿಂಗಳಿಗೆ 4,500 ರೂಪಾಯಿಯಷ್ಟು ಆಗುತ್ತಿತ್ತು. ಈಗ 2,500ರ ಆಸುಪಾಸು.

ಒಣಮೀನನ್ನೂ ಪರೀಕ್ಷಿಸಿದೆ. ರಾತ್ರಿಯಿಡೀ ನೆನೆಸಿ, ಮೂರು ಸಲ ನೀರು ಬದಲಿಸಿದರೂ ಉಪ್ಪು ಬಿಡಲಿಲ್ಲ. ನಾಯಿಗಳು ಬಕೆಟ್ ಬರಿದು ಮಾಡಿ ಬೆಳಗಿಗೆ ವಾಂತಿ ಮಾಡಿದವು, ಅಂದೇ ನಿಲ್ಲಿಸಿದೆ. ಜೂನ್, ಜುಲೈ ತಿಂಗಳ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವಾಗ, ನಾಡದೋಣಿಯವರು ತಂದ ದಿನ ಮೀನು, ಇಲ್ಲದ ದಿನ ಮೊಟ್ಟೆ. ಮೊಟ್ಟೆಯ ದಿನ ಕರಿಯ ತಟ್ಟೆಯನ್ನು ಮೂಸಿ, ಒಮ್ಮೆ ಕುಕ್ಕರಿನತ್ತ ನೋಡಿ, ಆಮೇಲೆಯೇ ಬಾಯಿ ಹಾಕುತ್ತಾನೆ.